ಚಾಡಿಕೋರ ಸೀಟು

ಕಾರು ಅಂದಮೇಲೆ ಒಂದಲ್ಲ ಒಂದು ಸದ್ದು ಇದ್ದೇ ಇರುತ್ತೆ ಬಿಡಿ. ನಮ್ಮದಂತೂ ಸೆಕೆಂಡ್ ಹ್ಯಾಂಡು. 2012ರ ಮಾಡೆಲ್, ನಾನು ಕೊಂಡಿದ್ದು 2017ರಲ್ಲಿ. ಕೊಂಡಾಗಲೇ ಡ್ಯಾಶ್‌ಬೋರ್ಡಿನೊಳಗೆ ಏನೋ ಗಡಗಡ ಅಂತಿತ್ತು, ಹಿಂದಿನ ಬಾಗಿಲಲ್ಲಿ ಇನ್ನೇನೋ ಟಕಟಕ ಅಂತಿತ್ತು. ಆರು ತಿಂಗಳಲ್ಲಿ ಅವೆಲ್ಲ ಪಕ್ಕದ ಮನೆಯ ಮಿಕ್ಸಿ ಸದ್ದಿನ ಹಾಗೆ ಅಭ್ಯಾಸ ಆಗಿಹೋದವು. ಅಭ್ಯಾಸ ಆಗದೇ ಉಳಿದಿದ್ದು ಒಂದೇ, ಮುಂದಿನ ಎಡಗಡೆ ಸೀಟಿನ ಸದ್ದು.

ಮೊದಲ ಸಲ ಅದು ಕೇಳಿಸಿದ್ದು 2018ರ ದೀಪಾವಳಿಗೆ ಊರಿಗೆ ಹೋದಾಗ. ನಮ್ಮೂರು ತಿಪಟೂರಿನಿಂದ 12 ಕಿಲೋಮೀಟರ್ ಒಳಗೆ. ಹಬ್ಬ ಮುಗಿಸಿಕೊಂಡು ಅಪ್ಪ ಅವ್ವನನ್ನ ನಾಲ್ಕು ದಿನದ ಮಟ್ಟಿಗೆ ಬೆಂಗಳೂರಿಗೆ ಕರಕೊಂಡು ಹೊರಟಿದ್ದೆ. ಅಪ್ಪ ಮುಂದೆ, ನನ್ನ ಪಕ್ಕ. ಅವ್ವ, ನನ್ನ ಹೆಂಡತಿ, ಮಗಳು ಹಿಂದೆ. ಊರ ಮುಂದಿನ ಅರಳಿಕಟ್ಟೆ ದಾಟಿ ಮೊದಲ ಗುಂಡಿಗೆ ಚಕ್ರ ಇಳಿಯಿತೋ ಇಲ್ಲವೋ, ‘ಕಿರ್ರ್... ಕುಂಯ್’ ಅಂತು. ತೊಟ್ಟಿಲು ತೂಗುವಾಗ ಕೊಂಡಿ ಕೂಗುತ್ತಲ್ಲ, ಆ ಥರ. ಎರಡನೇ ಗುಂಡಿಗೆ ಮತ್ತೆ. ನಮ್ಮೂರಿಂದ ಹೆದ್ದಾರಿ ತನಕ ಎಷ್ಟು ಗುಂಡಿ ಇವೆ ಅಂತ ನನಗೆ ಗೊತ್ತಿರಲಿಲ್ಲ. ಅವತ್ತು ಸೀಟು ಒಂದೊಂದಾಗಿ ಎಣಿಸಿ ಹೇಳಿತು.

“ಏನ್ಲಾ ಇದು, ಹಳೇ ಗಾಡಿ ಕೂಗ್ದಂಗೆ ಕೂಗ್ತೈತೆ. ಕೀಲೆಣ್ಣೆ ಹಾಕಿಲ್ವಾ?” ಅಂದ ಅಪ್ಪ.

ಈಗಿನ ಹುಡುಗರಿಗೆ ಕೀಲೆಣ್ಣೆ ಗೊತ್ತಿರಲಿಕ್ಕಿಲ್ಲ. ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುವ ಎಣ್ಣೆ ಅದು. ನಮ್ಮನೆಯಲ್ಲಿ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಾಡ್ತಿದ್ದರು. ಬಿದಿರಿನ ಗೊಟ್ಟಕ್ಕೆ ತುಂಬಿ ಗಾಡಿಗೇ ನೇತುಹಾಕಿರೋರು. ನಾನು ಐದನೇ ಕ್ಲಾಸಿಗೆ ಬರುವ ತನಕ ನಮ್ಮನೆಯಲ್ಲಿ ಗಾಡಿ ಇತ್ತು. ಕಡಾಣಿ ಕಿತ್ತು, ಚಕ್ರವನ್ನ ಒಂಚೂರು ಈಚೆಗೆ ಎಳೆದು, ಅಚ್ಚಿಗೆ ಎಣ್ಣೆ ಸವರಿ, ಮತ್ತೆ ಚಕ್ರ ತಳ್ಳಿ ಕಡಾಣಿ ಹಾಕುವ ತನಕ ಅಪ್ಪ ಯಾರ ಜೊತೆಗೂ ಮಾತಾಡ್ತಿರಲಿಲ್ಲ. ಕೂಗುವ ಗಾಡಿ ಹೊಡೆದುಕೊಂಡು ಸಂತೆಗೆ ಹೋಗೋದು ಅಂದರೆ ಅವನಿಗೆ ಹರಿದ ಅಂಗಿ ಹಾಕ್ಕೊಂಡು ಹೋದಷ್ಟೇ ಅವಮಾನ.

ಅಪ್ಪನ ಕಿವಿಯೂ ಅಂಥದ್ದೇ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡ್ತಾರೆ. ಬಲಿತ ಕಾಯನ್ನ ಅಟ್ಟದ ಮೇಲೆ ಹರವಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತೆ. ಆಗಿದೆಯೋ ಇಲ್ಲವೋ ಅಂತ ಒಡೆದು ನೋಡೋ ಹಾಗಿಲ್ಲ. ಕಿವಿ ಹತ್ತಿರ ಹಿಡಿದು ಕುಲುಕಬೇಕು. ಒಳಗೆ ಉಂಡೆ ಗಡಗಡ ಉರುಳಿದರೆ ಆಗಿದೆ, ನೀರಿನ ಸದ್ದು ಬಂದರೆ ಇನ್ನೂ ಇದೆ. ಅಪ್ಪ ಮಾತಾಡ್ತಾ ಮಾತಾಡ್ತಾನೇ ಒಂದು ಸಲ ಕುಲುಕಿ ಆ ಕಡೆಗೋ ಈ ಕಡೆಗೋ ಎಸೆಯುತ್ತಿದ್ದ. ತಪ್ಪಿದ್ದು ನಾನು ನೋಡಿಲ್ಲ.

ಇಂಥ ಅಪ್ಪನ ಎದುರು ನನ್ನ ಕಾರು ಬೆಂಗಳೂರಿನ ತನಕ ಕಿರುಗುಡುತ್ತಾ ಬಂತು. ಸರಿ ಮಾಡಿಸಲೇಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಅಪ್ಪ ಅವ್ವ ಊರಿಗೆ ವಾಪಸ್ ಹೋದಮೇಲೆ ಒಂದು ಶನಿವಾರ ಕಾರನ್ನ ಸರ್ವೀಸ್ ಸೆಂಟರಿಗೆ ತಗೊಂಡು ಹೋದೆ. ಅಲ್ಲಿನ ಹುಡುಗ ಎಡಗಡೆ ಸೀಟಲ್ಲಿ ಕೂತ, ನಾನು ಓಡಿಸಿದೆ. ಸುತ್ತಮುತ್ತಲಿದ್ದ ಹಂಪು, ಗುಂಡಿ ಒಂದನ್ನೂ ಬಿಡಲಿಲ್ಲ. ಸೀಟು ತುಟಿ ಪಿಟಕ್ ಅನ್ನಲಿಲ್ಲ.

“ಸರ್, ಸೌಂಡೇ ಬರ್ತಿಲ್ವಲ್ಲ?”

“ಮೊನ್ನೆ ಬರ್ತಿತ್ತು ಕಣಪ್ಪ. ತಿಪಟೂರಿಂದ ಬೆಂಗಳೂರಿನ ತನಕ ಬಂತು.”

ಆ ಹುಡುಗ ನನ್ನನ್ನ ಒಂಥರಾ ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತು. ನಮ್ಮ ಟೆಸ್ಟಿಂಗ್ ಟೀಮಿನವರು ಬಂದು “ನಿನ್ನೆ ಕ್ರ್ಯಾಶ್ ಆಯ್ತು” ಅಂದಾಗ, “ನನ್ನ ಮಷೀನಲ್ಲಿ ಸರಿಯಾಗೇ ಓಡ್ತಿದೆಯಲ್ಲ” ಅಂತ ನಾನು ಹನ್ನೊಂದು ವರ್ಷದಿಂದ ನೋಡುತ್ತಾ ಬಂದಿರೋ ನೋಟ ಅದು. ಜಾಬ್ ಕಾರ್ಡಿನಲ್ಲಿ ‘ನಾರ್ಮಲ್’ ಅಂತ ಬರೆದು, ವಾಟರ್ ವಾಶ್ ಮಾಡಿ, 650 ರೂಪಾಯಿ ಬಿಲ್ ಕೊಟ್ಟು ಕಳಿಸಿದರು.

ಬಿಇ ಓದಿದ ಮೇಲೆ ಒಂದು ಸೀಟಿನ ಸದ್ದು ನಿಲ್ಲಿಸೋಕೆ ಆಗಲ್ವಾ ಅಂತ ನಾನೇ ಕೈಹಾಕಿದೆ. ಓದಿದ್ದು ಕಂಪ್ಯೂಟರ್ ಸೈನ್ಸು ಅನ್ನೋದು ಬೇರೆ ಮಾತು. ಯೂಟ್ಯೂಬಿನಲ್ಲಿ ನಾಲ್ಕು ವಿಡಿಯೋ ನೋಡಿದೆ. ಸೀಟು ಸದ್ದು ಮಾಡೋಕೆ ಏನೇನು ಕಾರಣ ಅಂತ ನೋಟ್‌ಪುಸ್ತಕದಲ್ಲಿ ಪಟ್ಟಿ ಮಾಡಿದೆ. ತಲೆದಿಂಬಿನ ಕಂಬಿಗಳು ಸಡಿಲ ಇರಬಹುದು. ಬೆಲ್ಟಿನ ಬಕಲ್ಲು ಸೀಟಿನ ಪಕ್ಕದ ಪ್ಲಾಸ್ಟಿಕ್ಕಿಗೆ ಉಜ್ಜುತ್ತಿರಬಹುದು. ಸ್ಪಂಜಿನ ಕೆಳಗಿನ ತಂತಿ ಸ್ಪ್ರಿಂಗುಗಳು ಚೌಕಟ್ಟಿಗೆ ತಾಗುತ್ತಿರಬಹುದು. ಬೆನ್ನು ಒರಗಿಸುವ ಕೀಲು ಒಣಗಿರಬಹುದು. ಸೀಟು ಹಿಂದೆ ಮುಂದೆ ಜಾರುವ ಕಂಬಿಗಳಲ್ಲಿ ಮಣ್ಣು ಕೂತಿರಬಹುದು. ಇಲ್ಲಾ ಸೀಟನ್ನ ನೆಲಕ್ಕೆ ಬಿಗಿದಿರುವ ನಾಲ್ಕು ಬೋಲ್ಟುಗಳಲ್ಲಿ ಒಂದು ಸಡಿಲ ಆಗಿರಬಹುದು.

ಒಂದೊಂದೇ ನೋಡುತ್ತಾ ಬಂದೆ. ತಲೆದಿಂಬು ಕಿತ್ತಿಟ್ಟು ಓಡಿಸಿದೆ. ಬಕಲ್ಲಿಗೆ ಬಟ್ಟೆ ಸುತ್ತಿದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಅಂಗಾತ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಸೀಟಿನ ಕೆಳಗೆ ತೂರಿದೆ. ಅಲ್ಲಿ ಸಿಕ್ಕಿದ್ದು ಮಗಳ ಎರಡು ಕ್ಲಿಪ್ಪು, ಐದು ರೂಪಾಯಿಯ ಮೂರು ನಾಣ್ಯ, ಹುರಿಗಾಳು, ತೆಂಗಿನ ನಾರು. ಸಿಕ್ಕ ಸಿಕ್ಕ ಕಡೆಗೆಲ್ಲ ಡಬ್ಲ್ಯೂಡಿ-40 ಹೊಡೆದೆ.

ಅದರದ್ದೊಂದು ಕಥೆ ಇದೆ, ಸಾಫ್ಟ್‌ವೇರಿನವರಿಗೆ ಬಲು ಪ್ರೀತಿಯ ಕಥೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ, ಲೋಹಕ್ಕೆ ನೀರು ತಾಗಿ ತುಕ್ಕು ಹಿಡಿಯದಿರಲಿ ಅಂತ ಒಂದು ದ್ರವ ಮಾಡೋಕೆ ಹೊರಟರಂತೆ. 39 ಸಲ ಆಗಲಿಲ್ಲ, 40ನೇ ಸಲ ಸರಿಬಂತು. ಡಬ್ಲ್ಯೂಡಿ ಅಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್, ನೀರನ್ನ ಓಡಿಸೋದು. ಅಂದರೆ ಅದು ಹುಟ್ಟಿದ್ದೇ ನೀರು ಓಡಿಸೋಕೆ, ವರ್ಷಗಟ್ಟಲೆ ಭಾರ ಹೊರುವ ಕಂಬಿಗೆ ಗ್ರೀಸಿನ ಹಾಗೆ ಅಂಟಿಕೊಂಡು ಕೂರೋಕೆ ಅಲ್ಲ. ಕಥೆ ಗೊತ್ತಿತ್ತು, ಅರ್ಥ ಆಗಿರಲಿಲ್ಲ. ತಪ್ಪು ನನ್ನದೇ.

ಆದರೂ ಸದ್ದು ಇರಲಿಲ್ಲ! ಆಫೀಸಿಗೆ ಹೋಗುವಾಗ ಜೊತೆಗೆ ಬರುವ ಗೆಳೆಯ ಕೂತ, ಸದ್ದಿಲ್ಲ. ಹೆಂಡತಿ ಕೂತಳು, ಸದ್ದಿಲ್ಲ. ಗೆದ್ದೆ ಅಂತ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಬೇರೆ ಯಾವ ವಿಷಯಕ್ಕೂ ಅಪ್ಪನಿಗೆ ನಾನಾಗಿ ಫೋನ್ ಮಾಡುವವನಲ್ಲ. ನಾನು ಮಾತಾಡೋದು ಅವ್ವನ ಹತ್ತಿರ. ಅಪ್ಪನಿಗೆ ಕೊಟ್ಟರೆ “ಮಳೆ ಆಯ್ತಾ?” “ಆಯ್ತು.” “ಊಟ ಆಯ್ತಾ?” “ಆಯ್ತು.” ಅಷ್ಟೇ.

2019ರ ಯುಗಾದಿಗೆ ಊರಿಗೆ ಹೋದಾಗ ಅಪ್ಪನನ್ನ ಕೂರಿಸಿಕೊಂಡು ತಿಪಟೂರಿಗೆ ಹೊರಟೆ. ಅರಳಿಕಟ್ಟೆ ದಾಟಿತು. ಮೊದಲ ಗುಂಡಿ.

ಕಿರ್ರ್... ಕುಂಯ್.

ಅಪ್ಪ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಕೂತ್ರೇ ಹಿಂಗೆ ಮಾಡ್ತದೆ ಕಣ್ಲಾ ಇದು” ಅಂದ. ನಾನು ತಮಾಷೆ ಅಂದುಕೊಂಡೆ. ಅಪ್ಪ ಇರೋದೇ 58 ಕೆಜಿ. ಆದರೆ ಸಂಜೆ ವಾಪಸ್ ಬರುವಾಗ ಅವನೇ ಹಿಂದಿನ ಬಾಗಿಲು ತೆಗೆದು ಕೂತ. ಅದಾಗಿ ತಿಂಗಳಿಗೆ ನೆಂಟರ ಮದುವೆಗೆ ಬೆಂಗಳೂರಿಗೆ ಬರಬೇಕಿತ್ತು. ಕಾರು ತರ್ತೀನಿ ಅಂದರೆ, “ಬ್ಯಾಡ ಬಿಡು, ಬಸ್ಸಲ್ಲಿ ಬತ್ತೀವಿ” ಅಂದ. ಅವನೂ ಅವ್ವನೂ ಕೆಂಪು ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದರು. ಮಗ ಕಾರು ಇಟ್ಟುಕೊಂಡಿದ್ದಾನೆ, ಅಪ್ಪ ಬಸ್ಸಲ್ಲಿ ಬರ್ತಾನೆ. ನನಗೆ ಕೆಟ್ಟ ಸಿಟ್ಟು ಬಂತು. ಅಪ್ಪನ ಮೇಲಲ್ಲ, ಸೀಟಿನ ಮೇಲೆ.

ಆ ಭಾನುವಾರ ಅವರನ್ನ ಬಸ್ಸು ಹತ್ತಿಸಿ ಬಂದು ಮತ್ತೆ ಶುರು ಮಾಡಿದೆ. 58 ಕೆಜಿ ತಾನೇ? ಮನೆಯಲ್ಲಿದ್ದ 25 ಕೆಜಿಯ ಎರಡು ಅಕ್ಕಿ ಚೀಲ, ಮೇಲೊಂದು ಹತ್ತು ಕೆಜಿ ರಾಗಿ ಚೀಲ ಸೀಟಿನ ಮೇಲಿಟ್ಟು, ಬೀಳದಿರಲಿ ಅಂತ ಬೆಲ್ಟು ಹಾಕಿ ಓಡಿಸಿದೆ. ಗೇಟಿನ ಸೆಕ್ಯೂರಿಟಿಯವನು “ಏನ್ ಸಾರ್, ಅಕ್ಕಿಗೆ ಔಟಿಂಗಾ?” ಅಂದ. ಅಕ್ಕಿ ಮೂಟೆ ಸದ್ದು ಮಾಡಲಿಲ್ಲ. ಅಂದರೆ ಭಾರದ್ದಲ್ಲ ಸಮಸ್ಯೆ. ಮತ್ತಿನ್ನೇನು?

ಉತ್ತರ ಸಿಕ್ಕಿದ್ದು ಮಗಳ ಹತ್ತಿರ. ಯುಗಾದಿಗೆ ತಿಪಟೂರಿಗೆ ಹೋಗುವಾಗ ಅವಳೂ ಹಿಂದಿನ ಸೀಟಲ್ಲಿದ್ದಳು. ಅಮ್ಮನ ಫೋನಿನಲ್ಲಿ ತಾನು ಹಾಡು ಹೇಳೋದನ್ನ ರೆಕಾರ್ಡ್ ಮಾಡಿಕೊಂಡಿದ್ದಳು. ಹಾಡಿನ ಮಧ್ಯೆ ಮಧ್ಯೆ ಕಿರ್ರ್... ಕುಂಯ್. ಸದ್ದು ಎಲ್ಲಿಂದ ಬರ್ತಿದೆ ಅಂತ ಇಯರ್‌ಫೋನ್ ಹಾಕಿಕೊಂಡು ನಾಲ್ಕೈದು ಸಲ ಕೇಳಿದೆ. ಪಕ್ಕದಲ್ಲಿ ಅವರೆಕಾಳಲ್ಲ, ಬಟಾಣಿ ಸುಲಿಯುತ್ತಾ ಕೂತಿದ್ದ ನನ್ನ ಹೆಂಡತಿ ಸುಮ್ಮನೆ ಫೋನಿನ ಕಡೆ ನೋಡಿ ಕೇಳಿದಳು.

“ರೀ, ಮಾವ ಯಾಕೆ ಹಾಗೆ ಕೂತಿದ್ದಾರೆ?”

ನಾನು ಅಲ್ಲಿಯ ತನಕ ಕೇಳಿದ್ದೆ, ನೋಡಿರಲಿಲ್ಲ. ಅಪ್ಪನ ಬಲ ಭುಜ ನನ್ನ ಕಡೆಗೆ ವಾಲಿತ್ತು. ಎಡಗೈ ಬಾಗಿಲ ಮೇಲಿನ ಹಿಡಿಯನ್ನ ಬಿಗಿಯಾಗಿ ಹಿಡಿದಿತ್ತು. ಪ್ರತಿ ಗುಂಡಿ ಬರುವ ಮುಂಚೆ ಆ ಕೈಯಲ್ಲಿ ಜೋತುಬಿದ್ದು ಎಡಗಡೆಯ ಮೈಯನ್ನ ಸೀಟಿನಿಂದ ಎತ್ತುತ್ತಿದ್ದ. ಗುಂಡಿ ದಾಟಿದ ಮೇಲೆ ಮೆಲ್ಲಗೆ ಇಳಿಸುತ್ತಿದ್ದ. ಅಪ್ಪ ಆ ಹಿಡಿ ಹಿಡಿದುಕೊಳ್ಳೋದನ್ನ ನಾನು ಮೊದಲಿಂದಲೂ ನೋಡಿದ್ದೆ. ನನ್ನ ಡ್ರೈವಿಂಗಿಗೆ ಹೆದರ್ತಾನೆ ಅಂದುಕೊಂಡು ನಿಧಾನಕ್ಕೆ ಓಡಿಸುತ್ತಿದ್ದೆ.

ರಾತ್ರಿ ಹತ್ತು ಗಂಟೆಗೆ ಬೇಸ್‌ಮೆಂಟಿಗೆ ಇಳಿದೆ. ಎಡಗಡೆ ಸೀಟಲ್ಲಿ ಕೂತು, ಮೇಲಿನ ಹಿಡಿ ಹಿಡಿದು, ಎಡಗಡೆ ಎತ್ತಿ, ಪೂರಾ ಭಾರವನ್ನ ಬಲಗಡೆ ಬಿಟ್ಟು ಒಂದು ಸಲ ಕುಲುಕಿದೆ.

ಕಿರ್ರ್... ಕುಂಯ್.

ಸೀಟಿಗೆ ಎರಡು ಕಂಬಿ. ನಾವು ನೆಟ್ಟಗೆ ಕೂತರೆ ಎರಡೂ ಸಮ ಭಾರ ಹೊರುತ್ತವೆ. ಅಪ್ಪ ಕೂತರೆ ಎಲ್ಲ ಭಾರವೂ ಗೇರ್ ಪಕ್ಕದ ಕಂಬಿಯ ಮೇಲೆ. ಆ ಕಂಬಿಯ ಹಿಂದಿನ ಬೋಲ್ಟು ಒಂಚೂರು ಸಡಿಲ ಇತ್ತು. ಓರೆ ಭಾರ ಬಿದ್ದಾಗ ಮಾತ್ರ ಅದು ಮಿಸುಕುತ್ತಿತ್ತು. ಸಡಿಲ ಇದ್ದ ಜಾಗ ಸಿಕ್ಕಿತು. ಕೈಯಲ್ಲಿ 14ರ ಸ್ಪಾನರೂ ಇತ್ತು, ಹೊಸದಾಗಿ ತಂದ ಗ್ರೀಸಿನ ಟ್ಯೂಬೂ ಇತ್ತು. ಎರಡು ನಿಮಿಷದ ಕೆಲಸ.

ಮಾಡಲಿಲ್ಲ. ಟ್ಯೂಬಿನ ಮುಚ್ಚಳ ತೆಗೆದು ಮತ್ತೆ ಹಾಕಿದೆ. ಸದ್ದು ನಿಂತುಬಿಟ್ಟರೆ ಅಪ್ಪ ಮತ್ತೆ ಮುಂದಿನ ಸೀಟಲ್ಲಿ ಓರೆಯಾಗಿ ಕೂತು ಆರಾಮಾಗಿ ಬರ್ತಾನೆ. ಹೇಗಿದ್ದೀಯಪ್ಪಾ ಅಂದರೆ ಚೆನ್ನಾಗಿದೀನಿ ಅಂತಾನೆ. ನಾನೂ ನಂಬ್ತೀನಿ. ಇಷ್ಟು ದಿನ ನಂಬಿರಲಿಲ್ವಾ?

ಅಲ್ಲೇ ಕೂತು ಒಂದೊಂದೇ ನೆನಪು ಮಾಡಿಕೊಂಡೆ. ಹಿಂದಿನ ವರ್ಷ ಅಟ್ಟಕ್ಕೆ ಕಾಯಿ ಏರಿಸೋಕೆ ಕೂಲಿಯವರನ್ನ ಕರೆದಿದ್ದ. “ದುಡ್ಡು ಬಂದಂಗೆಲ್ಲ ನಿಮ್ಮಪ್ಪಂಗೆ ಸೋಮಾರಿತನ” ಅಂತ ಅವ್ವ ಬೈದಿದ್ದಳು, ನಾನು ನಕ್ಕಿದ್ದೆ. ಹಬ್ಬದ ಊಟಕ್ಕೆ ಎಲ್ಲರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಅಪ್ಪ ಮಾತ್ರ “ನಾನು ಆಮ್ಯಾಕೆ ಉಣ್ತೀನಿ” ಅಂತ ಹೇಳಿ, ಜಗುಲಿ ಮೇಲೆ ಕಾಲು ಇಳಿಬಿಟ್ಟು ತಟ್ಟೆ ಹಿಡಿದಿದ್ದ. ತೋಟಕ್ಕೆ ನಡೆದು ಹೋಗೋನು ಮೊಪೆಡ್ಡಿನಲ್ಲಿ ಹೋಗ್ತಿದ್ದ. ಎಲ್ಲವೂ ನನ್ನ ಕಣ್ಣೆದುರೇ ಆಗಿದ್ದು. ಸೀಟಿನ ಸದ್ದಿಗೆ ಪಟ್ಟಿ ಮಾಡಿದ ನಾನು ಇವನ್ನ ಪಟ್ಟಿ ಮಾಡಿರಲಿಲ್ಲ.

ಮುಂದಿನ ಶನಿವಾರ ಒಬ್ಬನೇ ಊರಿಗೆ ಹೋದೆ. ತೋಟದ ಹತ್ತಿರ ಹೋಗಿ ಬರೋಣ ಬಾ ಅಂತ ಅಪ್ಪನನ್ನ ಕಾರಿಗೆ ಕರೆದೆ. ಹಿಂದಿನ ಬಾಗಿಲಿಗೆ ಕೈ ಹಾಕಿದ. “ಮುಂದೆ ಕೂತ್ಕೋ” ಅಂದೆ. ತೋಟದ ದಾರಿಯಲ್ಲಿ ಸೀಟು ಕೂಗುತ್ತಲೇ ಹೋಯಿತು. ಬದುವಿನ ಹತ್ತಿರ ನಿಲ್ಲಿಸಿ ಕೇಳಿದೆ.

“ಅಪ್ಪಾ, ಎಡಗಡೆ ಏನಾಗೈತೆ?”

“ಎಲ್ಲಿ ಎಡಗಡೆ?”

“ಎಡಗಾಲು. ಸೊಂಟ. ನೀನು ಬಲಗಡೆ ಮಾತ್ರ ಭಾರ ಬಿಟ್ಟು ಕೂತ್ಕೋತೀಯಾ. ಅದಕ್ಕೇ ಸೀಟು ಕೂಗೋದು. ಬೇರೆ ಯಾರು ಕೂತ್ರೂ ಕೂಗಲ್ಲ.”

ಅಪ್ಪ ನನ್ನನ್ನ ನೋಡಿದ. ಸೀಟನ್ನ ನೋಡಿದ. ಕಳ್ಳ ಸಿಕ್ಕಿಬಿದ್ದ ಹಾಗೆ ಮುಖ ಮಾಡಿ, “ಥೂ ಇದರ! ಚಾಡಿ ಹೇಳ್ತೇನ್ಲಾ ಇದು ನಿಂಗೆ?” ಅಂದ.

ಎರಡು ವರ್ಷದಿಂದ ಮಂಡಿ ನೋವಂತೆ. ಅವ್ವ ಮಲಗಿದ ಮೇಲೆ ನೋವಿನೆಣ್ಣೆ ಹಚ್ಚಿಕೊಳ್ಳುತ್ತಿದ್ದನಂತೆ. ತಿಪಟೂರಿನ ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗುತ್ತಿದ್ದನಂತೆ. ಯಾಕೆ ಹೇಳಲಿಲ್ಲ ಅಂದಿದ್ದಕ್ಕೆ ಸ್ವಲ್ಪ ಹೊತ್ತು ತೆಂಗಿನ ಮರಗಳ ಕಡೆ ನೋಡಿಕೊಂಡಿದ್ದು, “ನಿಂದು ಮನೆ ಸಾಲ ಐತೆ. ಮಗೀನ ಸ್ಕೂಲ್ ಫೀಜು ಬ್ಯಾರೆ. ಆಪ್ರೇಸನ್ನು ಅಂದ್ರೆ ತ್ವಾಟ ಅಡ ಇಡ್ಬೇಕಾಯ್ತದೆ ಅಂದ್ರು ಯಾರೋ” ಅಂದ.

ನನಗೆ ಮಾತೇ ಹೊರಡಲಿಲ್ಲ. ನಮ್ಮ ಕಂಪನಿಯ ಇನ್ಶೂರೆನ್ಸಿನಲ್ಲಿ ಅಪ್ಪ ಅವ್ವನ ಹೆಸರು ಸೇರಿಸಿ ಆರು ವರ್ಷ ಆಗಿತ್ತು. ಪ್ರತಿ ವರ್ಷ ನನ್ನ ಸಂಬಳದಲ್ಲಿ ಅದಕ್ಕೆ ದುಡ್ಡು ಮುರಿಯುತ್ತಿದ್ದರು. ಆ ವಿಷಯ ಅಪ್ಪನಿಗೆ ಒಂದು ಸಲವೂ ಹೇಳಿರಲಿಲ್ಲ. ಮಳೆ ಆಯ್ತಾ, ಊಟ ಆಯ್ತಾ ಬಿಟ್ಟು ನಾವು ಇನ್ನೇನು ಮಾತಾಡಿದ್ದೆವು ಹೇಳೋಕೆ? ಅವನು ನೋವು ಮುಚ್ಚಿಟ್ಟಿದ್ದಕ್ಕೆ ಬೈಯೋಣ ಅಂತ ಹೋಗಿದ್ದೆ. ಬೈಯೋ ಮುಖ ಇರಲಿಲ್ಲ.

ಬೆಂಗಳೂರಿನಲ್ಲಿ ಆರ್ಥೋ ಡಾಕ್ಟರು ಮಂಡಿಯನ್ನ ಒಂದು ಸಲ ಮುಟ್ಟಿ ಬಿಟ್ಟರು. ಅಪ್ಪನನ್ನ ಮಲಗಿಸಿ, ಎಡಗಾಲನ್ನ ಮಡಿಸಿ ಒಳಕ್ಕೆ ಹೊರಕ್ಕೆ ತಿರುಗಿಸಿದರು. ಅಪ್ಪ ಹಲ್ಲು ಕಚ್ಚಿದ. ಎಕ್ಸ್‌ರೇ ಬಂದ ಮೇಲೆ ನಮಗೂ ತೋರಿಸಿದರು. ಬಲಗಡೆ ಚೆಂಡಿಗೂ ಬಟ್ಟಲಿಗೂ ಮಧ್ಯೆ ಕಪ್ಪಗೆ ಒಂದು ಗೆರೆಯಷ್ಟು ಜಾಗ ಇತ್ತು. ಎಡಗಡೆ ಆ ಜಾಗವೇ ಇರಲಿಲ್ಲ, ಮೂಳೆಗೆ ಮೂಳೆ ತಾಗಿತ್ತು.

“ಮಂಡಿ ಚೆನ್ನಾಗಿದೆ ಯಜಮಾನ್ರೇ. ಸವೆದಿರೋದು ಸೊಂಟದ ಕೀಲು. ಕೀಲು ಇಲ್ಲಿ ಸವೆದರೂ ನೋವು ಎಷ್ಟೋ ಜನಕ್ಕೆ ತೊಡೆಸಂದಿಯಲ್ಲಿ, ಮಂಡಿಯಲ್ಲಿ ಕಾಣಿಸುತ್ತೆ. ನೀವು ಎಣ್ಣೆ ಹಚ್ಚಿದ್ದು ತಪ್ಪು ಜಾಗಕ್ಕೆ” ಅಂದರು.

ನಾನೂ ಅದೇ ಮಾಡಿದ್ದಲ್ವಾ ಅಂದುಕೊಂಡೆ. ಅಪ್ಪ ಯೋಚನೆ ಮಾಡಿ ಕೇಳಿದ, “ಕೀಲು ಅಂತೀರಾ. ಹಂಗಾದ್ರೆ ಕೀಲೆಣ್ಣೆ ಗೀಲೆಣ್ಣೆ ಹಾಕಕ್ಕೆ ಬರಲ್ವಾ ಸಾ?”

ಡಾಕ್ಟರು ನಕ್ಕರು. “ದೇವರೇ ಹಾಕಿ ಕಳಿಸಿರ್ತಾನೆ. ಅದು ಸವೆದು ಮುಗಿದಿದೆ. ಇನ್ನು ಚಕ್ರ, ಅಚ್ಚು ಎರಡೂ ಹೊಸದು ಹಾಕೋದೇ.” ಗಾಡಿಯ ಭಾಷೆಯಲ್ಲಿ ಹೇಳಿದ್ದಕ್ಕೋ ಏನೋ, ಅಪ್ಪ ಒಪ್ಪಿಕೊಂಡ.

ಆಪರೇಷನ್ ಆಗಿದ್ದು ಜೂನ್ ತಿಂಗಳಲ್ಲಿ. ಹಿಂದಿನ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ನಿದ್ದೆ ಬರದೆ ಫೋನಿನಲ್ಲಿ ಹಿಪ್ ರಿಪ್ಲೇಸ್‌ಮೆಂಟಿನ ಇತಿಹಾಸ ಓದುತ್ತಿದ್ದೆ. ಇಂಗ್ಲೆಂಡಿನಲ್ಲಿ ಜಾನ್ ಚಾರ್ನ್ಲಿ ಅಂತ ಒಬ್ಬ ಸರ್ಜನ್ ಇದ್ದರು. ಅವರ ಹತ್ತಿರ ಒಬ್ಬ ರೋಗಿ ಬಂದ. ಫ್ರಾನ್ಸಿನ ಜೂಡೆ ಸಹೋದರರು ರೂಪಿಸಿದ್ದ ಅಕ್ರಿಲಿಕ್ ಚೆಂಡನ್ನ ಅವನ ಸೊಂಟದ ಕೀಲಿಗೆ ಹಾಕಿದ್ದರು. ಮುಂದಕ್ಕೆ ಬಾಗಿದರೆ ಸಾಕು, ಆ ಕೀಲು ಕಿರುಗುಡುತ್ತಿತ್ತಂತೆ. ಆ ಸದ್ದು ಅವನ ಹೆಂಡತಿಗೆ ಸಹಿಸೋಕೆ ಆಗ್ತಿರಲಿಲ್ಲವಂತೆ. ನಾನು ಬೆಂಚಿನ ಮೇಲೆ ಎದ್ದು ಕೂತೆ. ಯಾಕೆ ಕಿರುಗುಡುತ್ತೆ ಅಂತ ಚಾರ್ನ್ಲಿ ಘರ್ಷಣೆಯ ಬೆನ್ನು ಬಿದ್ದರು. ಮೊದಲು ಬಟ್ಟಲಿಗೆ ಟೆಫ್ಲಾನ್ ಹಾಕಿ ನೋಡಿದರು, ಅದು ಕೆಲವೇ ವರ್ಷದಲ್ಲಿ ಸವೆದುಹೋಯಿತು. 1962ರಲ್ಲಿ ಗಟ್ಟಿ ಪಾಲಿಥೀನಿನ ಬಟ್ಟಲು ಹಾಕಿದರು, ಅದರೊಳಗೆ ಸ್ಟೀಲಿನ ಸಣ್ಣ ಚೆಂಡು. ಅದು ನಿಂತಿತು. ಮಾರನೇ ದಿನ ಅಪ್ಪನಿಗೆ ಹಾಕಿದ್ದೂ ಅದೇ ವಂಶದ ಕೀಲು, ಲೋಹದ ಚೆಂಡು, ಪಾಲಿಥೀನ್ ಬಟ್ಟಲು. ಒಂದು ಸದ್ದಿನಿಂದ ಶುರುವಾಗಿದ್ದು.

ಎರಡನೇ ದಿನವೇ ವಾಕರ್ ಕೊಟ್ಟು ನಡೆಸಿದರು. ಡಿಸ್ಚಾರ್ಜಿನ ಹಿಂದಿನ ದಿನ ಫಿಸಿಯೋಥೆರಪಿಯ ಹುಡುಗಿ ನನ್ನನ್ನ ಕರೆದು ಕಾರಿನ ಪಾಠ ಮಾಡಿದಳು. “ಮುಂದಿನ ಸೀಟನ್ನ ಪೂರ್ತಿ ಹಿಂದಕ್ಕೆ ತಳ್ಳಿ, ಬೆನ್ನು ಒರಗಿಸಿ. ಸೀಟು ತಗ್ಗಿದ್ದರೆ ದಿಂಬು ಹಾಕಿ, ಮೇಲೊಂದು ಪ್ಲಾಸ್ಟಿಕ್ ಕವರ್ ಹಾಸಿ. ಮೊದಲು ಹಿಂದಕ್ಕೆ ಸರಿದು ಕೂರಬೇಕು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಗೋಬೇಕು. ಸೊಂಟ ಜಾಸ್ತಿ ಬಗ್ಗಬಾರದು, ತಿರುಚಬಾರದು. ಕೆಳಗೆ ಕೂರೋದು, ಕುಕ್ಕರಗಾಲು ಸದ್ಯಕ್ಕೆ ಇಲ್ಲವೇ ಇಲ್ಲ.”

ಸೀಟು ಪೂರ್ತಿ ಹಿಂದಕ್ಕೆ ಹೋಗಬೇಕು! ನಮ್ಮ ಸೀಟು ಅರ್ಧಕ್ಕೇ ಕಚ್ಚಿಕೊಳ್ಳುತ್ತಿತ್ತು. ಅವತ್ತು ರಾತ್ರಿ ಬೇಸ್‌ಮೆಂಟಿನಲ್ಲಿ ಕೂತು, ಎರಡು ತಿಂಗಳಿಂದ ಡಿಕ್ಕಿಯಲ್ಲಿದ್ದ ಟ್ಯೂಬು ಈಚೆ ತೆಗೆದೆ. ನೀವೂ ಮಾಡೋದಾದರೆ ಒಂದು ಮಾತು. ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಇದ್ದರೆ ಅದು ಏರ್‌ಬ್ಯಾಗಿನದ್ದು, ಅದಕ್ಕೆ ಕೈ ಹಾಕಬೇಡಿ. ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಕಂಬಿಯ ಮಣ್ಣು ಕೆರೆದೆ, ಬಟ್ಟೆಯಲ್ಲಿ ಒರೆಸಿದೆ. ಬೆಳ್ಳಗಿನ ಲಿಥಿಯಂ ಗ್ರೀಸ್ ತೆಳ್ಳಗೆ ಸವರಿ, ಸೀಟನ್ನ ಇಪ್ಪತ್ತು ಸಲ ಹಿಂದೆ ಮುಂದೆ ಮಾಡಿದೆ. ಆಮೇಲೆ ಆ ಬೋಲ್ಟು. ಸ್ಪಾನರ್ ಇಟ್ಟು ತಿರುಗಿಸಿದರೆ ಕಾಲು ಸುತ್ತು ಬಂತು, ಅಷ್ಟೇ. ಸದ್ದು ಅಂದರೆ ಎರಡು ಮೈ ಒಂದಕ್ಕೊಂದು ಅಂಟಿ, ಜಾರಿ, ಮತ್ತೆ ಅಂಟಿ, ಮತ್ತೆ ಜಾರುವುದು, ಸೆಕೆಂಡಿಗೆ ನೂರಾರು ಸಲ. ಪಿಟೀಲಿನ ತಂತಿಯ ಮೇಲೆ ಕಮಾನು ಎಳೆದಾಗಲೂ ಆಗೋದು ಇದೇ. ಮಧ್ಯೆ ಒಂಚೂರು ಗ್ರೀಸ್ ಇದ್ದರೆ ಅಂಟೋದು ನಿಲ್ಲುತ್ತೆ. ಓರೆಯಾಗಿ ಕೂತು ಕುಲುಕಿ ನೋಡಿದೆ. ಸದ್ದಿಲ್ಲ.

ಎರಡು ತಿಂಗಳು ಅಪ್ಪ ನಮ್ಮ ಮನೆಯಲ್ಲೇ ಇದ್ದ. ದಿನಾ ಸಂಜೆ ಅವನನ್ನ ಕಾರಿಡಾರಿನಲ್ಲಿ ನಡೆಸುತ್ತಿದ್ದೆ. ಮಾತಾಡಲೇಬೇಕಲ್ಲ, ಮಾತಾಡಿದೆವು. ಇನ್ಶೂರೆನ್ಸು ಅಂದರೆ ಏನು, ಮನೆ ಸಾಲ ಎಷ್ಟು ಉಳಿದಿದೆ, ತೋಟದಲ್ಲಿ ಎಷ್ಟು ಮರಕ್ಕೆ ನುಸಿ ಬಿದ್ದಿದೆ, ಎಲ್ಲ. ಗಾಡಿ ಮಾರಿದ ದಿನ ನಾನು ಅತ್ತಿದ್ದು ಅವನಿಗೆ ಇನ್ನೂ ನೆನಪಿತ್ತು. ನನಗೇ ಮರೆತಿತ್ತು.

ಆಗಸ್ಟಿನಲ್ಲಿ ಊರಿಗೆ ಬಿಡೋಕೆ ಹೊರಟೆ. ಅಪ್ಪ ಮುಂದೆ, ಅವ್ವ ಹಿಂದೆ. ತುಮಕೂರು, ಗುಬ್ಬಿ, ನಿಟ್ಟೂರು ದಾಟಿ ಕೆ.ಬಿ. ಕ್ರಾಸಿನಲ್ಲಿ ಕಾಫಿ ಕುಡಿದು, ತಿಪಟೂರು ಬಿಟ್ಟು ನಮ್ಮೂರ ದಾರಿಗೆ ಇಳಿದೆವು. ಮಳೆ ಬಿದ್ದು ಗುಂಡಿಗಳು ಇನ್ನಷ್ಟು ಆಳವಾಗಿದ್ದವು. ಒಂದಾಯಿತು, ಎರಡಾಯಿತು. ಸದ್ದಿಲ್ಲ. ಅಪ್ಪ ಮೇಲಿನ ಹಿಡಿ ಬಿಟ್ಟು ಎರಡೂ ಕೈ ತೊಡೆಯ ಮೇಲಿಟ್ಟು ನೆಟ್ಟಗೆ ಕೂತಿದ್ದ. ಆಮೇಲೆ ಬೇಕಂತಲೇ ಬಲಗಡೆಗೆ ಒಂದು ಸಲ ವಾಲಿ, ಎಡಗಡೆಗೆ ಒಂದು ಸಲ ವಾಲಿ, ಕೊಬ್ಬರಿ ಕುಲುಕಿ ನೋಡೋನ ಹಾಗೆ ಕಿವಿಗೊಟ್ಟು ನೋಡಿದ.

“ಎಲ್ಲೋದ್ನೋ ಚಾಡಿಕೋರ? ಬಾಯಿ ಕಟ್ಟಿಹಾಕ್ಬಿಟ್ಯಾ?”

“ಹ್ಞೂಂ, ಕೀಲೆಣ್ಣೆ ಹಾಕ್ದೆ.”

ಅಪ್ಪ ಜೋರಾಗಿ ನಕ್ಕ. ಹಿಂದಿನಿಂದ ಅವ್ವನ ನಗು ಕೇಳಿಸಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದಳು. ಕಾರು ಕೊಂಡು ಎರಡು ವರ್ಷ ಆಯ್ತು, ಅವ್ವ ಒಂದು ಸಲವೂ ಮುಂದಿನ ಸೀಟಲ್ಲಿ ಕೂತಿಲ್ಲ. ಹಿಂದಿನ ಸೀಟು ಒಂದೇ ಉದ್ದದ ಬೆಂಚು. ಅದಕ್ಕೆ ಕಂಬಿಯೂ ಇಲ್ಲ, ಜಾರೋದೂ ಇಲ್ಲ. ಹೇಗೆ ಕೂತರೂ ಅದು ಸದ್ದು ಮಾಡಲ್ಲ.

“ಅವ್ವಾ” ಅಂದೆ. “ನಿಂಗೆ ಎಲ್ಲಾದ್ರೂ ನೋವೈತಾ?”

“ನಂಗೇನಾಗೈತೆ ಧಾಡಿ, ರಸ್ತೆ ನೋಡ್ಕಂಡು ಓಡ್ಸು” ಅಂದಳು.

ಸ್ವಲ್ಪ ಮುಂದೆ ಅರಳಿಕಟ್ಟೆಯ ಹತ್ತಿರ ಕಾರು ನಿಲ್ಲಿಸಿ, ಹಿಂದಕ್ಕೆ ತಿರುಗಿ ಕೂತು, ಇನ್ನೊಂದು ಸಲ ಕೇಳಿದೆ.